ಮುಂಬೈಯಲ್ಲಿ ಅಪಘಾತದ ಕೇಸು: ಯಾವ ವಕೀಲರು, ಎಷ್ಟು ಫೀಸು, ಯಾವಾಗ ಕೊಡೋದು?

ಭಾವ ಆಪರೇಷನ್ ಮುಗಿಸಿ ವಾರ್ಡಿಗೆ ಬಂದ ಎರಡನೇ ದಿನವೇ ಒಬ್ಬ ಬಂದ. ಕಂಕುಳಲ್ಲಿ ಪ್ಲಾಸ್ಟಿಕ್ ಫೋಲ್ಡರು, ಕೈಯಲ್ಲಿ ಎರಡು ಎಳನೀರು. ನಾವು ಮಾತಾಡುವುದನ್ನು ಕೇಳಿಸಿಕೊಂಡು ತುಳುವಿನಲ್ಲೇ ಶುರು ಮಾಡಿದ: "ಇತ್ತೆ ದುಡ್ಡು ಬೊಡ್ಚಿ." ಈಗ ದುಡ್ಡು ಬೇಡ, ಪರಿಹಾರ ಬಂದ ಮೇಲೆ ನೋಡೋಣ ಅಂತ. ಘೋಡ್‌ಬಂದರ್ ರೋಡಿನಲ್ಲಿ ಟೆಂಪೋ ಹೊಡೆದು ಕಾಲು ಮುರಿದುಕೊಂಡವರಿಗೆ ಊರ ಭಾಷೆ ಕಿವಿಗೆ ಬಿದ್ದದ್ದೇ ಅರ್ಧ ನೋವು ಇಳಿಯಿತು. ಅವನು ತೋರಿಸಿದ ಮೂರು ಕಡೆ ಸಹಿ ಹಾಕಿದರು. ಆ ಸಹಿಯಿಂದ ಬಿಡಿಸಿಕೊಳ್ಳಲು ನಮಗೆ ನಾಲ್ಕು ತಿಂಗಳು ಹಿಡಿಯಿತು.

ನಾನು ವಕೀಲನಲ್ಲ. ಹೋಟೆಲೊಂದರಲ್ಲಿ ಲೆಕ್ಕ ಬರೆಯುವವನು. ಆದರೆ ಆ ಓಡಾಟ ಆದ ಮೇಲೆ ನಮ್ಮ ಕಡೆಯವರಿಗೆ ಆಕ್ಸಿಡೆಂಟ್ ಅಂದ ಕೂಡಲೇ ನನ್ನ ನೆನಪಾಗುತ್ತದೆ. ಮೊನ್ನೆ ಒಂದೇ ವಾರದಲ್ಲಿ ಇಬ್ಬರು ಕೇಳಿದರು. ಭಾಂಡುಪ್‌ನ ಒಬ್ಬರು ಅಕ್ಕ, ಗಂಡನನ್ನು ಕಳೆದುಕೊಂಡವರು. ಇನ್ನೊಬ್ಬ ಮೀರಾ ರೋಡಿನ ಹುಡುಗ, ಭುಜ ಮುರಿದಿದೆ. ಇಬ್ಬರ ಮುಂದೆಯೂ ಮೂರು ನಾಲ್ಕು ವಕೀಲರ ಹೆಸರಿದ್ದವು. ಇಬ್ಬರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ನೋಡಬೇಕಾದ್ದು

ವಕೀಲರ ಹೆಸರು ಹುಡುಕುವ ಮೊದಲು ಕೇಸು ಯಾವ ಜಾತಿಯದು ಅಂತ ಗೊತ್ತಾಗಬೇಕು. ರಸ್ತೆ ಅಪಘಾತವಾದರೆ ಮೋಟಾರು ಅಪಘಾತ ಕ್ಲೇಮು ಟ್ರಿಬ್ಯೂನಲ್. ಲೋಕಲ್ ರೈಲಿನಿಂದ ಬಿದ್ದದ್ದಾದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್. ಅದು ಬೇರೆ, ಅಲ್ಲಿ ಓಡಾಡುವ ವಕೀಲರೂ ಹೆಚ್ಚಾಗಿ ಬೇರೆ. ಡ್ಯೂಟಿ ಮೇಲಿದ್ದಾಗ ಏಟಾದರೆ ಕಾರ್ಮಿಕ ಪರಿಹಾರದ ದಾರಿಯೂ ಉಂಟು. ಡ್ಯೂಟಿಯಲ್ಲಿದ್ದಾಗಲೇ ರಸ್ತೆ ಅಪಘಾತವಾದರೆ ಈ ಎರಡರಲ್ಲಿ ಒಂದನ್ನೇ ಆರಿಸಬೇಕು, ಎರಡೂ ಕಡೆ ಕೇಳುವ ಹಾಗಿಲ್ಲ.

ಆಮೇಲೆ ಮುದ್ದತ್ತು. ರಸ್ತೆ ಅಪಘಾತಕ್ಕೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಈ ನಿಯಮ ಸರಿಯೋ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ, ನಿಜ. ಅದನ್ನು ನಂಬಿ ಕೂರಬೇಡಿ. ರೈಲಿನ ಕೇಸಿಗೆ ಒಂದು ವರ್ಷ. "ಅರ್ಜೆಂಟೇನಿಲ್ಲ, ಕಾಲು ಪೂರ್ತಿ ಗುಣ ಆಗಲಿ" ಅನ್ನುವ ವಕೀಲರ ಹತ್ತಿರ ಈ ಮುದ್ದತ್ತಿನ ಮಾತನ್ನು ನೀವೇ ಎತ್ತಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಮೂರನೆಯದು, ಆ ಟ್ರಿಬ್ಯೂನಲ್‌ನಲ್ಲಿ ಅವರು ನಿಜವಾಗಿ ಕೇಸು ನಡೆಸುತ್ತಾರಾ? ಇದನ್ನು ಮನೆಯಲ್ಲೇ ಕೂತು ನೋಡಬಹುದು. ಇ-ಕೋರ್ಟ್ಸ್ ಆ್ಯಪಿನಲ್ಲಿ ವಕೀಲರ ಹೆಸರು ಹಾಕಿ ಹುಡುಕುವ ಸೌಲಭ್ಯ ಇದೆ. ಜಿಲ್ಲೆ, ಕೋರ್ಟು ಆರಿಸಿ ಹೆಸರು ಹಾಕಿದರೆ ಅವರ ಕೇಸುಗಳ ಪಟ್ಟಿ ಬರುತ್ತದೆ. ನಮಗೆ ಒಬ್ಬರು "ಆಕ್ಸಿಡೆಂಟ್ ಸ್ಪೆಷಲಿಸ್ಟ್" ಅಂತ ಸಿಕ್ಕಿದ್ದರು. ಪಟ್ಟಿ ನೋಡಿದರೆ ಎಲ್ಲಾ ಚೆಕ್ ಬೌನ್ಸು.

ನಾಲ್ಕನೆಯದು ದುಡ್ಡು. ಒಟ್ಟು ಎಷ್ಟು ಅನ್ನುವುದಕ್ಕಿಂತ ಯಾವ ಹಂತದಲ್ಲಿ ಎಷ್ಟು ಅನ್ನುವುದು ಮುಖ್ಯ. ಐದನೆಯದು ಭಾಷೆ. ಇದನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಯಾಕೆಂದರೆ ನಾವೆಲ್ಲ ಇದರಿಂದಲೇ ಶುರು ಮಾಡುತ್ತೇವೆ, ಅಲ್ವಾ?

ಪರ್ಸೆಂಟೇಜ್ ವಕೀಲರು

ಎಳನೀರಿನವನ ಹಿಂದೆ ಇರುವವರು ಇವರು. ಕೈಯಿಂದ ಒಂದು ರೂಪಾಯಿ ಖರ್ಚಿಲ್ಲ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಟ್ಟರಾಯಿತು ಅನ್ನುತ್ತಾರೆ. ದುಡಿಯುವವರೇ ಮಲಗಿರುವಾಗ ಈ ಮಾತು ಎಷ್ಟು ಹಿತ ಅಂತ ನನಗೆ ಗೊತ್ತು. ಸುಮ್ನೆ ಬೈದು ಪ್ರಯೋಜನವಿಲ್ಲ.

ಆದರೆ ನಮ್ಮ ದೇಶದಲ್ಲಿ ವಕೀಲರು ಹೀಗೆ ಪಾಲು ಕೇಳುವ ಹಾಗಿಲ್ಲ. ಫಲಿತಾಂಶದ ಮೇಲೆ ಫೀಸು ನಿಗದಿ ಮಾಡಬಾರದು, ಬಂದ ಹಣದಲ್ಲಿ ಪಾಲು ಒಪ್ಪಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮವೇ ಇದೆ. 2017ರಲ್ಲಿ ತೆಲಂಗಾಣದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಅದೂ ರಸ್ತೆ ಅಪಘಾತದ ಪರಿಹಾರದ ಕೇಸೇ. ಫೀಸಿಗೆ ಅಂತ ವಕೀಲರು ತೆಗೆದುಕೊಂಡ ಚೆಕ್ ಬೌನ್ಸ್ ಆಗಿ, ಕಕ್ಷಿದಾರರ ಮೇಲೇ ಕೇಸು ಬಿದ್ದಿತ್ತು. ಕೋರ್ಟು ಆ ಕೇಸನ್ನು ರದ್ದು ಮಾಡಿತು.

ನಿಯಮ ಇದ್ದರೂ ನಡೆಯುವುದು ನಡೆಯುತ್ತಲೇ ಇದೆ. ಹಾಗಾಗಿ ಲೆಕ್ಕ ಹಾಕಿ ನೋಡೋಣ. ವಯಸ್ಸು 34, ತಿಂಗಳ ಸಂಬಳ 20,000, ದುಡಿಯುವ ಶಕ್ತಿ ಶೇಕಡಾ 25 ಕಡಿಮೆಯಾಗಿದೆ ಅಂದುಕೊಳ್ಳಿ. 31ರಿಂದ 35ರ ವಯಸ್ಸಿಗೆ ಕೋರ್ಟುಗಳು ಬಳಸುವ ಗುಣಕ 16. ವರ್ಷದ 2,40,000ವನ್ನು 16ರಿಂದ ಗುಣಿಸಿ ಕಾಲು ಭಾಗ ತೆಗೆದರೆ 9,60,000. ಮುಂದೆ ಸಂಬಳ ಏರುತ್ತಿತ್ತು ಅಂತ ಶೇಕಡಾ 40 ಸೇರಿಸಿದರೆ 13,44,000. ಇದರ ಮೇಲೆ ಆಸ್ಪತ್ರೆ ಬಿಲ್ಲು, ನೋವಿಗೆ ಅಂತ ಸ್ವಲ್ಪ, ಜೊತೆಗೆ ಅರ್ಜಿ ಹಾಕಿದ ದಿನದಿಂದ ಬಡ್ಡಿ. ಬರೀ 13,44,000ದ ಮೇಲೆ ಶೇಕಡಾ 20 ಅಂದರೂ 2,68,800 ಆಯಿತು. ಪರ್ಸೆಂಟ್ ಕೇಳುವವರು ಬಡ್ಡಿಯ ಮೇಲೂ ಕೇಳುತ್ತಾರೆ, ಆಸ್ಪತ್ರೆ ಬಿಲ್ಲಿನ ಹಣದ ಮೇಲೂ ಕೇಳುತ್ತಾರೆ. ನೀವು ಸಾಲ ಮಾಡಿ ಕಟ್ಟಿದ ಬಿಲ್ಲಿಗೆ ವಾಪಸ್ ಬಂದ ಹಣದಲ್ಲಿ ಅವರಿಗೆ ಪಾಲು!

ಇನ್ನೊಂದು ತೊಂದರೆ ಉಂಟು. ಪಾಲಿನ ಆಸೆ ಇರುವವರಿಗೆ ಬೇಗ ರಾಜಿ ಮಾಡಿಸುವ ಆತುರ. ಲೋಕ ಅದಾಲತ್‌ನಲ್ಲಿ ಒಪ್ಪಿಕೊಂಡ ಮೊತ್ತದ ಮೇಲೆ ಅಪೀಲು ಇಲ್ಲ. ಇನ್ಶೂರೆನ್ಸ್ ಕಂಪನಿ ಐದು ಲಕ್ಷ ಅಂದಾಗ ಸಹಿ ಹಾಕಿ ಅನ್ನುತ್ತಾರೆ. ಅವರಿಗೆ ಒಂದು ಲಕ್ಷ ಇವತ್ತೇ ಬಂತು. ಉಳಿದದ್ದು ನಿಮ್ಮ ಹಣೆಬರಹ.

ಖಾಲಿ ಚೆಕ್ಕು, ಸಹಿ ಹಾಕಿದ ಬ್ಯಾಂಕ್ ಸ್ಲಿಪ್ಪು, ಎಟಿಎಂ ಕಾರ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಪರಿಹಾರದ ಹಣವನ್ನು ನೇರವಾಗಿ ಸಂತ್ರಸ್ತರ ಖಾತೆಗೇ ಹಾಕುವ ವ್ಯವಸ್ಥೆ ಮಾಡಿ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಹಾಗಾಗಿ ಪಾಲು ವಸೂಲಿಗೆ ಈ ಖಾಲಿ ಚೆಕ್ಕೇ ಆಧಾರ.

ಒಟ್ಟು ಮೊತ್ತ, ಕಂತಿನಲ್ಲಿ

ನಾವು ಕೊನೆಗೆ ಹಿಡಿದ ದಾರಿ ಇದು. ಠಾಣೆ ಜಿಲ್ಲೆಯ ಕೋರ್ಟಿನಲ್ಲಿ ದಿನಾ ಇದೇ ಕೆಲಸ ಮಾಡುವ ಒಬ್ಬರು ಮರಾಠಿ ವಕೀಲರು. ಕನ್ನಡ ಒಂದಕ್ಷರ ಬರುವುದಿಲ್ಲ. ಮೊದಲ ಸಲ ಹೋದಾಗ ಅವರು ಎಕ್ಸ್‌ರೇ ಕೇಳಲಿಲ್ಲ, ಫೀಸಿನ ಮಾತೂ ಎತ್ತಲಿಲ್ಲ. "ಪಗಾರ್ ಕ್ಯಾಶಾ, ಬ್ಯಾಂಕಾ?" ಅಂದರು. ನನಗೆ ಅಲ್ಲೇ ನಂಬಿಕೆ ಬಂತು. ಯಾಕೆಂದರೆ ಹೋಟೆಲಿನವರ ಕೇಸು ಬೀಳುವುದೇ ಅಲ್ಲಿ. ಸಂಬಳ ಕೈಯಲ್ಲಿ, ಸ್ಲಿಪ್ಪಿಲ್ಲ. ಪುರಾವೆ ಇಲ್ಲದಿದ್ದರೆ ಕೋರ್ಟು ತನಗೆ ತೋಚಿದ ಕಡಿಮೆ ಆದಾಯ ಹಿಡಿಯುತ್ತದೆ. ಮೇಲಿನ ಲೆಕ್ಕದಲ್ಲಿ 20,000ದ ಜಾಗದಲ್ಲಿ 12,000 ಹಾಕಿ ನೋಡಿ, 8,06,400ಕ್ಕೆ ಇಳಿಯಿತು. ಅಪಘಾತಕ್ಕೆ ಹಿಂದಿನ ಬ್ಯಾಂಕ್ ಎಂಟ್ರಿ, ಊರಿಗೆ ಕಳಿಸಿದ ಹಣದ ದಾಖಲೆ, ಸಾಕ್ಷಿ ಹೇಳಲು ಒಪ್ಪುವ ಮಾಲೀಕರು, ಇದನ್ನೆಲ್ಲ ಮೊದಲೇ ಕೇಳುವ ವಕೀಲರು ಕೆಲಸ ಗೊತ್ತಿದ್ದವರು.

ಫೀಸು 60,000ಕ್ಕೆ ಒಪ್ಪಿದೆವು. ಅರ್ಜಿ ಹಾಕುವಾಗ 15,000, ಎದುರಿನವರ ಉತ್ತರ ಬಂದ ಮೇಲೆ 15,000, ಸಾಕ್ಷಿ ಮುಗಿದ ಮೇಲೆ 20,000, ತೀರ್ಪಿನ ದಿನ 10,000. ಗೆದ್ದರೂ ಸೋತರೂ ಅಷ್ಟೇ. ಇದು ನಮ್ಮ ಲೆಕ್ಕ. ನಿಮಗೆ ಬೇರೆ ಅಂಕಿ ಹೇಳಬಹುದು. ಹಂತಗಳು ಮಾತ್ರ ಹೀಗೇ ಇರಲಿ. "ಪ್ರತಿ ತಾರೀಕಿಗೆ ಇಷ್ಟು" ಅನ್ನುವ ಪದ್ಧತಿಗೆ ನಾನು ಒಪ್ಪುವುದಿಲ್ಲ. ಜಡ್ಜು ರಜೆ ಇದ್ದರೂ ಮೀಟರು ಓಡುತ್ತದೆ.

ಈ ದಾರಿಯ ಕಷ್ಟ ಅಂದರೆ ಮೊದಲ ಕಂತು ಕೈಯಿಂದಲೇ ಹೋಗಬೇಕು. ನಾವು ನನ್ನ ಅಕ್ಕನ ಚೀಟಿ ಎತ್ತಿದೆವು. ಫೀಸಿನ ಹೊರಗಿನ ಖರ್ಚನ್ನೂ ಮೊದಲೇ ಕೇಳಿ: ಕೋರ್ಟ್ ಫೀಸು, ಸರ್ಟಿಫೈಡ್ ಕಾಪಿ, ಡಾಕ್ಟರು ಸಾಕ್ಷಿಗೆ ಬಂದರೆ ಅವರಿಗೆ ಕೊಡುವುದು. ಡಾಕ್ಟರ ಖರ್ಚೇ ದೊಡ್ಡದು, ಅದನ್ನು ಮರೆತೇ ಬಿಡುತ್ತಾರೆ. ಅದು ಬೇಡ ಅಂತ ಬಿಡುವ ಹಾಗೂ ಇಲ್ಲ. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಕಾಲಿಗೆ ಶೇಕಡಾ 40 ಅಂತ ಇದ್ದರೆ ದುಡಿಮೆಯೂ ಶೇಕಡಾ 40 ಹೋಯಿತು ಅಂತ ಅರ್ಥವಲ್ಲ. ಕೂತು ಬರೆಯುವ ನನಗೆ ಕಾಲು ಕುಂಟಾದರೆ ಒಂದು ಲೆಕ್ಕ. ದಿನವಿಡೀ ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುವ ಭಾವನಿಗೆ ಬೇರೆ ಲೆಕ್ಕ. ಇದನ್ನು ಡಾಕ್ಟರ ಬಾಯಲ್ಲಿ ಹೇಳಿಸುವುದೇ ವಕೀಲರ ಕಸುಬು. "ಸರ್ಟಿಫಿಕೇಟ್ ನಾನೇ ಮಾಡಿಸಿಕೊಡುತ್ತೇನೆ" ಅಂದವರಿಂದ ದೂರ ಇರಿ.

ಅಪೀಲಿನ ಫೀಸು ಬೇರೆ. ಇನ್ಶೂರೆನ್ಸ್ ಕಂಪನಿ ಹೈಕೋರ್ಟಿಗೆ ಹೋದರೆ ಯಾರು ನಿಲ್ಲುತ್ತಾರೆ ಅಂತ ಈಗಲೇ ಕೇಳಿಡಿ.

ನಮ್ಮವರು

ಮಾಟುಂಗದ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಡೊಂಬಿವಲಿಯವರೆಗೆ ಯಾವ ಕನ್ನಡ ಕಾರ್ಯಕ್ರಮಕ್ಕೆ ಹೋದರೂ ಒಬ್ಬಿಬ್ಬರು ವಕೀಲರ ಪರಿಚಯ ಆಗುತ್ತದೆ. ಒಳ್ಳೆಯವರೇ. ಮಾತು ಅರ್ಥವಾಗುತ್ತದೆ, ಫೋನ್ ಎತ್ತುತ್ತಾರೆ, ಪೊಲೀಸ್ ಪಂಚನಾಮೆಯ ಮರಾಠಿಯನ್ನು ಬಿಡಿಸಿ ಹೇಳುತ್ತಾರೆ. ಊರಿನಿಂದ ಬಂದ ಅತ್ತೆಗೆ ಕೇಸು ವಿವರಿಸಲು ಅವರೇ ಆಗಬೇಕು.

ಆದರೆ ಪರಿಚಯದವರ ಹತ್ತಿರ ಫೀಸು ಮಾತಾಡಲು ಬಾಯಿ ಬರುವುದಿಲ್ಲ. "ಅಯ್ಯೋ, ನೀವು ನಮ್ಮವರಲ್ವಾ, ಆಮೇಲೆ ನೋಡೋಣ" ಅನ್ನುವುದು ಪರ್ಸೆಂಟಿನವನ ಮಾತಿಗಿಂತ ಜಾಸ್ತಿ ಕಷ್ಟಕ್ಕೆ ಸಿಕ್ಕಿಸುತ್ತದೆ. ಕೆಲಸ ನಿಧಾನವಾದರೆ ಕೇಳುವುದಕ್ಕೂ ಸಂಕೋಚ. ಫೈಲಿಂಗ್ ತಡವಾದರೆ ಬಿಡಿಸಿಕೊಂಡು ಬರುವುದಕ್ಕೂ ಸಂಕೋಚ, ನಾಳೆ ಮದುವೆಮನೆಯಲ್ಲಿ ಮುಖ ನೋಡಬೇಕಲ್ಲ. ನಮ್ಮವರೂ ಇರಲಿ, ಅಪಘಾತದ ಕೇಸುಗಳೂ ಅವರ ಪಟ್ಟಿಯಲ್ಲಿ ಇರಲಿ. ಎರಡೂ ಕೂಡಿ ಬಂದರೆ ಕಣ್ಣು ಮುಚ್ಚಿ ಹಿಡಿಯಿರಿ, ಫೀಸು ಮಾತ್ರ ಕಣ್ಣು ತೆರೆದು ಬರೆಸಿ.

ಫೋರ್ಟ್ ಕಡೆಯ ದೊಡ್ಡ ಆಫೀಸುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೈಕೋರ್ಟಿನ ಅಪೀಲಿಗೆ ಸರಿ. ಟ್ರಿಬ್ಯೂನಲ್‌ನ ಕೇಸಿಗೆ ಜೂನಿಯರ್ ಬರುತ್ತಾರೆ, ಬಿಲ್ಲು ಸೀನಿಯರದ್ದು ಬರುತ್ತದೆ.

ಊರಿನಲ್ಲೇ ಹಾಕಬಹುದಾ?

ಹಾಕಬಹುದು. ಇದು ನಮ್ಮವರಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ. ಅಪಘಾತ ಎಲ್ಲೇ ಆಗಿರಲಿ, ಅರ್ಜಿ ಹಾಕುವವರು ವಾಸವಿರುವ ಜಾಗದ ಟ್ರಿಬ್ಯೂನಲ್‌ಗೂ ಹೋಗಬಹುದು ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166 ಹೇಳುತ್ತದೆ. ಪನ್ವೇಲ್ ಹತ್ತಿರ ಗಂಡ ತೀರಿಕೊಂಡು, ಹೆಂಡತಿ ಮಕ್ಕಳು ಕುಂದಾಪುರದಲ್ಲೋ ಕಲಬುರಗಿಯಲ್ಲೋ ಇದ್ದರೆ, ಅವರು ರಾಯಗಡ ಜಿಲ್ಲೆಗೆ ಬಂದು ತಾರೀಕು ಕಾಯಬೇಕಾಗಿಲ್ಲ.

ಯಾವಾಗ ಇದು ಒಳ್ಳೆಯದು? ನನ್ನ ಅಭಿಪ್ರಾಯ: ಸಾವಿನ ಕೇಸಿಗೆ ಊರು, ಗಾಯದ ಕೇಸಿಗೆ ಆಸ್ಪತ್ರೆ ಇರುವ ಜಾಗ. ಸಾವಿನ ಕೇಸಿನಲ್ಲಿ ಹೆಚ್ಚಿನದು ಕಾಗದದಲ್ಲೇ ಇದೆ: ಎಫ್‌ಐಆರ್, ಚಾರ್ಜ್‌ಶೀಟ್, ಪೋಸ್ಟ್‌ಮಾರ್ಟಂ ವರದಿ, ಸಂಬಳದ ಪುರಾವೆ. ಮರಾಠಿ ಕಾಗದಗಳನ್ನು ಅನುವಾದ ಮಾಡಿಸುವ ಖರ್ಚು ಬರುತ್ತದೆ, ಅಷ್ಟೇ. ಸಾಕ್ಷಿ ಹೇಳಬೇಕಾದ ಹೆಂಡತಿ ಕನ್ನಡದಲ್ಲೇ ಹೇಳಬಹುದು. ಗಾಯದ ಕೇಸಿನಲ್ಲಿ ಡಾಕ್ಟರು ಬೇಕು. ಮುಂಬೈಯ ಡಾಕ್ಟರನ್ನು ಉಡುಪಿಗೆ ಕರೆಸುವುದು ಆಗುವ ಮಾತಲ್ಲ. ಬೇರೆ ದಾರಿ ಇದ್ದರೂ ಅದಕ್ಕೆ ಮತ್ತೆ ಅರ್ಜಿ, ಮತ್ತೆ ತಾರೀಕು.

ಮುಂಬೈ ಪ್ರದೇಶದೊಳಗೂ ಇದೇ ನಿಯಮ ಕೆಲಸಕ್ಕೆ ಬರುತ್ತದೆ. ಡೊಂಬಿವಲಿ, ಮೀರಾ ರೋಡ್ ಎಲ್ಲ ಠಾಣೆ ಜಿಲ್ಲೆ. ಅಪಘಾತ ದಾದರಿನಲ್ಲಾದರೂ ನೀವು ಇರುವ ಜಿಲ್ಲೆಯಲ್ಲಿ ಹಾಕಬಹುದು.

ಪುಕ್ಕಟೆ ವಕೀಲರು

1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಸರಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಉಳಿದವರಿಗೆ ಮಹಾರಾಷ್ಟ್ರದಲ್ಲಿ ವರ್ಷಕ್ಕೆ 3 ಲಕ್ಷದ ಆದಾಯ ಮಿತಿ. ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬೇಕು, ಇಲ್ಲವೇ 15100ಕ್ಕೆ ಫೋನ್ ಮಾಡಬೇಕು.

"ಪುಕ್ಕಟೆ ಸಿಕ್ಕಿದ್ದು ಪುಕ್ಕಟೆ ಹಾಗೇ ಇರುತ್ತದೆ" ಅಂತ ನಮ್ಮ ಮಾಲೀಕರು ನಕ್ಕರು. ಪೂರ್ತಿ ಸುಳ್ಳಲ್ಲ. ಯಾರು ಸಿಗುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಆಸಕ್ತಿ ಇಲ್ಲದವರು ಸಿಕ್ಕರೆ ಪ್ರಾಧಿಕಾರಕ್ಕೆ ಬರೆದು ಬೇರೆಯವರನ್ನು ಕೇಳಬಹುದು, ಅದಕ್ಕೂ ಓಡಾಡಬೇಕು. ಆದರೆ ಭಾಂಡುಪ್‌ನ ಅಕ್ಕನಿಗೆ ನಾನು ಹೇಳಿದ್ದು ಇದನ್ನೇ. ಗಂಡ ಕೆಲಸ ಮಾಡುತ್ತಿದ್ದದ್ದು ಕಂಪನಿಯಲ್ಲಿ, ಸಂಬಳ ಬ್ಯಾಂಕಿಗೆ ಬರುತ್ತಿತ್ತು. ಹೊಡೆದ ಲಾರಿ ಸಿಕ್ಕಿದೆ, ಅದಕ್ಕೆ ಇನ್ಶೂರೆನ್ಸ್ ಇದೆ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನಾವೇ ನೋಡಿದೆವು. ವಾದ ಮಾಡುವಂಥ ದೊಡ್ಡ ವಿಷಯ ಏನೂ ಉಳಿದಿಲ್ಲ. ಮಕ್ಕಳ ಶಾಲೆ ಇಲ್ಲೇ ಇರುವುದರಿಂದ ಊರಿಗೆ ಹೋಗುವ ಪ್ರಶ್ನೆಯೂ ಇಲ್ಲ. ಅಂಥ ಕೇಸಿಗೆ ಲಕ್ಷಗಟ್ಟಲೆ ಯಾಕೆ ಕೊಡಬೇಕು?

ವಕೀಲರೇ ಇಲ್ಲದೆ

ಇದೂ ಒಂದು ದಾರಿಯೇ. 2022ರಿಂದ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನದೊಳಗೆ ಟ್ರಿಬ್ಯೂನಲ್‌ಗೆ ಕೊಡಬೇಕು. ಆ ವರದಿಯನ್ನೇ ಕ್ಲೇಮು ಅರ್ಜಿ ಅಂತ ಹಿಡಿಯಲೂ ಕಾಯ್ದೆಯಲ್ಲಿ ಜಾಗ ಇದೆ. ಯಾರ ತಪ್ಪು ಅಂತ ಸಾಬೀತು ಮಾಡದೆ ಸಾವಿಗೆ 5 ಲಕ್ಷ, ದೊಡ್ಡ ಗಾಯಕ್ಕೆ 2.5 ಲಕ್ಷ ಪಡೆಯುವ ಸೆಕ್ಷನ್ 164 ಇದೆ. ಹೊಡೆದು ಓಡಿಹೋದ ಗಾಡಿ ಸಿಗಲೇ ಇಲ್ಲ ಅಂದರೆ ಬೇರೆ ಯೋಜನೆ: ಸಾವಿಗೆ 2 ಲಕ್ಷ, ದೊಡ್ಡ ಗಾಯಕ್ಕೆ 50,000. ಇದಕ್ಕೆ ವಕೀಲರಿಗೆ ಪಾಲು ಕೊಡುವುದು ಶುದ್ಧ ದಂಡ.

ಆದರೆ ಸಂಬಳ ಕ್ಯಾಶಿನಲ್ಲಿ ಇರುವವರು, ತಪ್ಪು ನಿಮ್ಮದೇ ಅಂತ ಎಫ್‌ಐಆರ್‌ನಲ್ಲಿ ಬರೆಸಿಕೊಂಡವರು ಒಬ್ಬರೇ ಹೋಗಬೇಡಿ. ಎದುರಿಗೆ ನಿಲ್ಲುವುದು ಇದನ್ನೇ ದಿನಾ ಮಾಡುವ ಇನ್ಶೂರೆನ್ಸ್ ವಕೀಲರು.

ರೈಲಿನ ಕೇಸಿನಲ್ಲಿ ಲೆಕ್ಕ ಸರಳ. ಸಾವಿಗೆ 2017ರಿಂದ 8 ಲಕ್ಷ ನಿಗದಿ, ಗಾಯಕ್ಕೆ ಪಟ್ಟಿಯ ಪ್ರಕಾರ. ಹಾಗಾಗಿ ವಕೀಲರು ಎಷ್ಟೇ ವಾದ ಮಾಡಿದರೂ ಮೊತ್ತ ಏರುವುದಿಲ್ಲ, ಪರ್ಸೆಂಟ್ ಕೊಡಲು ಕಾರಣವೇ ಇಲ್ಲ. ಪ್ರಶ್ನೆ ಒಂದೇ: ಬಿದ್ದವರು ನಿಜವಾದ ಪ್ರಯಾಣಿಕರಾ, ಹಳಿ ದಾಟುತ್ತಿದ್ದವರಾ? ಟಿಕೆಟ್ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಕೇಸು ಬೀಳಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಪಾಸಿನ ಫೋಟೋ, ಟಿಕೆಟ್ ಆ್ಯಪಿನ ದಾಖಲೆ ಹುಡುಕಿ ಇಟ್ಟುಕೊಳ್ಳಿ.

ಸಹಿಯ ಮೊದಲು, ಸಹಿಯ ಆಮೇಲೆ

ಮೀರಾ ರೋಡಿನ ಹುಡುಗ ಡೆಲಿವರಿ ಕೆಲಸದವನು. ಆದಾಯ ಆ್ಯಪಿನಲ್ಲಿ ಕಾಣುತ್ತದೆ, ಆದರೆ ಭುಜ ಎತ್ತಲಾರ. ಅವನಿಗೆ ಠಾಣೆಯಲ್ಲಿ ಕಂತಿನ ಫೀಸಿನವರೇ ಸರಿ ಅಂದೆ. ಮೊದಲ ಕಂತಿಗೂ ದುಡ್ಡಿಲ್ಲ ಅಂದ. ಹಾಗಾದರೆ ಮೊದಲ ಕಂತನ್ನು ಇನ್ನೂ ಸಣ್ಣದು ಮಾಡಿ, ಕೊನೆಯದನ್ನು ದೊಡ್ಡದು ಮಾಡಿ ಅಂತ ಕೇಳು ಅಂದೆ. ಮೊತ್ತ ಮೊದಲೇ ನಿಗದಿಯಾಗಿ, ಸೋತರೂ ಗೆದ್ದರೂ ಅಷ್ಟೇ ಆಗಿದ್ದರೆ ಅದು ಪಾಲಲ್ಲ, ಬಾಕಿ.

ಫೀಸು, ಹಂತ, ಹೊರಗಿನ ಖರ್ಚು ಯಾರದ್ದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ, ಇಲ್ಲವೇ ವಾಟ್ಸಾಪಿನಲ್ಲಾದರೂ ಬರೆದು ಕಳಿಸಿ "ಓಕೆ" ಹಾಕಿಸಿಕೊಳ್ಳಿ. ಇದಕ್ಕೆ ಕಾರಣ ಇದೆ. ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಂದರೆ ಗ್ರಾಹಕರ ಕೋರ್ಟಿನ ಬಾಗಿಲು ಇಲ್ಲ. ದುರ್ನಡತೆಯ ದೂರು ಬಾರ್ ಕೌನ್ಸಿಲ್ ಆಫ್ ಮಹಾರಾಷ್ಟ್ರ ಆ್ಯಂಡ್ ಗೋವಾಕ್ಕೆ ಹೋಗಬೇಕು. ಅಲ್ಲಿ ಬೇಕಾಗುವುದು ಕಾಗದ.

ಈಗಾಗಲೇ ಎಳನೀರಿನವನಿಗೆ ಸಹಿ ಕೊಟ್ಟಾಗಿದೆಯಾ? ಗಾಬರಿ ಬೇಡ. ವಕಾಲತ್ತು ಬದಲಿಸುವುದು ನಿಮ್ಮ ಹಕ್ಕು. ಹಳೆಯ ವಕೀಲರ ನೋ ಅಬ್ಜೆಕ್ಷನ್ ಸಿಕ್ಕರೆ ಸುಲಭ, ಸಿಗದಿದ್ದರೆ ಹೊಸ ವಕೀಲರು ಕೋರ್ಟಿಗೆ ಹೇಳಿ ಬದಲಿಸುತ್ತಾರೆ. ಫೀಸು ಬಾಕಿ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ನಾವು ಈ ಮಾತನ್ನು ಬರೆದು ರಿಜಿಸ್ಟರ್ಡ್ ಪೋಸ್ಟು ಹಾಕಿದ ಮೇಲೆಯೇ ಫೋನು ಬಂತು. ಅರ್ಜಿ ಆವರೆಗೂ ಹಾಕಿಯೇ ಇರಲಿಲ್ಲ, ಆರು ತಿಂಗಳಿಗೆ ಇನ್ನು ಐವತ್ತು ದಿನ ಉಳಿದಿತ್ತು. ಫೈಲು ತರಲು ನಾನೇ ಹೋದೆ. ಒಂದು ಝೆರಾಕ್ಸ್ ಅಂಗಡಿಯ ಕೌಂಟರಿನಲ್ಲಿ ಇಟ್ಟಿದ್ದರು. ಎಕ್ಸ್‌ರೇ ಇತ್ತು, ಬಿಲ್ಲುಗಳು ಇದ್ದವು. ಡಿಸ್ಚಾರ್ಜ್ ಕಾರ್ಡಿನ ಒರಿಜಿನಲ್ ಇರಲಿಲ್ಲ. ಅದರ ನಕಲು ತೆಗೆಸಲು ನನ್ನ ಅಕ್ಕ ಆಸ್ಪತ್ರೆಯ ರೆಕಾರ್ಡ್ ರೂಮಿನ ಮುಂದೆ ಮೂರು ಬೆಳಗ್ಗೆ ನಿಂತರು. ಒರಿಜಿನಲ್ ಕಾಗದ ಯಾವುದನ್ನೂ ರಸೀದಿ ಇಲ್ಲದೆ ಯಾವ ವಕೀಲರಿಗೂ ಕೊಡಬೇಡಿ, ಅವರು ನಮ್ಮವರೇ ಆಗಿದ್ದರೂ.